ಗಡಿಯ ಹುಲ್ಲಿನಲ್ಲಿ ನಾಲ್ಕು ಕುದುರೆ

ಲಾರಿಯ ಹಿಂಬಾಗಿಲಿಗೆ ಹಲಗೆ ಇಳಿಬಿಟ್ಟು, ಅದರ ಮೇಲೆ ಒಣಹುಲ್ಲು ಚೆಲ್ಲಿ, ಮೊದಲು ಮೇಘನನ್ನು ಇಳಿಸಿದೆ. ಹದಿನಾಲ್ಕು ವರ್ಷದ ಬೂದು ಗಂಡು. ಅವನು ಇಳಿದರೆ ಮಿಕ್ಕವರು ತಾವಾಗಿಯೇ ಇಳಿಯುತ್ತಾರೆ ಅಂತ ನನಗೆ ಗೊತ್ತಿತ್ತು. ಅವನ ಹಿಂದೆ ಕಂದು ಹೆಣ್ಣು ರಾಜಿ, ಆಮೇಲೆ ಸಿಡಿಲು, ಕೊನೆಗೆ ಹಣೆಯಲ್ಲಿ ಬಿಳಿ ಚುಕ್ಕೆ ಇರುವ ಚಂದ್ರ. ಲಾಯದಲ್ಲಿ ಕೆಲಸ ಮಾಡುವ ನಾವು ಕುದುರೆಯನ್ನು ‘ಅದು’ ಅನ್ನುವುದು ಕಡಿಮೆ. ಎಂಟು ಗಂಟೆ ನಿಂತುಕೊಂಡೇ ಬಂದಿದ್ದ ಕುದುರೆಗಳು ಮೂಗಿನ ಹೊಳ್ಳೆ ಅರಳಿಸಿ ಹೊಸ ಗಾಳಿ ಎಳೆದುಕೊಂಡವು.

ಲಾರಿ ಡ್ರೈವರ್ ಸುತ್ತ ಒಮ್ಮೆ ಕಣ್ಣಾಡಿಸಿದ. ಬತ್ತಿದ ಕೆರೆಯ ಏರಿಯ ಪಕ್ಕದಲ್ಲಿ ಇನ್ನು ಲಾಯವಾಗಬೇಕಿದ್ದ ತಗಡಿನ ಶೀಟಿನ ಒಂದು ಹಳೆಯ ಉಗ್ರಾಣ, ಅದಕ್ಕೆ ಅಂಟಿಕೊಂಡ ಒಂದು ಕೋಣೆ, ಒಂದು ಬೋರ್‌ವೆಲ್. ಉಳಿದದ್ದೆಲ್ಲ ಹುಲ್ಲು, ಅಲ್ಲಲ್ಲಿ ಬಳ್ಳಾರಿ ಜಾಲಿ, ದೂರದ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು.

“ಮೇಡಂ, ಇಲ್ಲಿ ನೀವೊಬ್ರೇ ಇರ್ತೀರ?”

“ನಾಲ್ಕು ಜನ ಅವ್ರೆ ಕಣಪ್ಪ,” ಅಂತ ಕುದುರೆಗಳನ್ನು ತೋರಿಸಿದೆ. ಅವನು ನಗಲಿಲ್ಲ.

ಹಿರಿಯೂರಿನಿಂದ ಪೂರ್ವಕ್ಕೆ ಹೋಗಿ, ಡಾಂಬರು ಮುಗಿದ ಮೇಲೂ ಒಂಬತ್ತು ಕಿಲೋಮೀಟರ್ ಒಳಗೆ ಇತ್ತು ಆ ಜಾಗ. ಇನ್ನೊಂದು ಆರು ಕಿಲೋಮೀಟರ್ ಹೋದರೆ ಆಂಧ್ರ. ಎರಡು ವರ್ಷದಿಂದ ಆ ಹುಲ್ಲುಗಾವಲಿನಲ್ಲಿ ಕುರಿ ಕಳ್ಳತನ ನಡೆಯುತ್ತಿತ್ತು. ಹಾಡಹಗಲೇ ಮಂದೆಯಿಂದ ಮೂವತ್ತು ನಲವತ್ತು ಕುರಿ ಬೇರ್ಪಡಿಸಿ, ಕೊರಕಲುಗಳ ಒಳಗಿಂದ ಹೊಡೆದುಕೊಂಡು ಹೋಗಿ, ಗಡಿಯಾಚೆ ನಿಲ್ಲಿಸಿದ ಗಾಡಿಗೆ ತುಂಬುತ್ತಿದ್ದರು. ನಮ್ಮ ಪೊಲೀಸ್ ಜೀಪು ಎರಡನೇ ಕೊರಕಲಿಗೇ ನಿಂತುಬಿಡುತ್ತಿತ್ತು. ಬೈಕು ಕಲ್ಲಿಗೆ ಜಾರುತ್ತಿತ್ತು. ಚಿತ್ರದುರ್ಗದಲ್ಲಿ ಹೊಸದಾಗಿ ಬಂದಿದ್ದ ಸಾಹೇಬರೊಬ್ಬರಿಗೆ ಕುದುರೆಯ ಯೋಚನೆ ಹೊಳೆಯಿತು. ನಾಲ್ಕು ಕುದುರೆ, ಒಬ್ಬ ಹೆಡ್ ಕಾನ್‌ಸ್ಟೇಬಲ್, ಮೂವರು ಕಾನ್‌ಸ್ಟೇಬಲ್, ನಾಲ್ಕು ತಿಂಗಳ ಪರೀಕ್ಷೆ. ಯಶಸ್ವಿಯಾದರೆ ಖಾಯಂ ಅಶ್ವಪಡೆ, ಇಲ್ಲದಿದ್ದರೆ ಬಂದ ಲಾರಿಯಲ್ಲೇ ವಾಪಸ್.

ಆ ಹೆಡ್ ಕಾನ್‌ಸ್ಟೇಬಲ್ ನಾನು. ದೊಡ್ಡ ಊರಿನ ಲಾಯದಲ್ಲಿ ಸವಾರಿ ಕಲಿಸುತ್ತಿದ್ದವಳು. “ನಿಮ್ದೇ ಜಿಲ್ಲೆ ಅಲ್ವೇನ್ರಿ?” ಅಂದು ಸಾಹೇಬರು ಆದೇಶಕ್ಕೆ ಸಹಿ ಹಾಕಿದರು. ನನ್ನದು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ. ಚಿಕ್ಕಜಾಜೂರಿನಲ್ಲಿ ರೈಲು ಕೂಗಿದರೆ ನಮ್ಮ ಹೊಲದ ತನಕ ಕೇಳಿಸುವ ಸೀಮೆ. ಜಿಲ್ಲೆ ಒಂದೇ ಆದರೂ ಈ ಗಡಿಯ ಬಯಲಿಗೆ ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಮೊದಲ ಮೂರು ದಿನ ಕುದುರೆಗಳಿಗೆ ಬರೀ ವಿಶ್ರಾಂತಿ. ನೀರು ಬದಲಾದರೆ ಅವು ಕುಡಿಯುವುದಿಲ್ಲ. ಬೆಲ್ಲದ ಪುಡಿ ಉದುರಿಸಿ ಕುಡಿಸಿದೆ. ನಾಲ್ಕನೆಯ ದಿನ ಮೂವರು ಕಾನ್‌ಸ್ಟೇಬಲ್‌ಗಳು ಬಂದರು. ಒಬ್ಬ ಭಾರಿ ಆಳು, ಜೋರು ನಗುವಿನವನು. ಇನ್ನೊಬ್ಬ ಕುದುರೆಯ ಹಿಂದೆ ಹೋಗಲಿಕ್ಕೇ ಹೆದರುತ್ತಿದ್ದ ಸಣಕಲ. ಮೂರನೆಯವನು ಆ ಕಡೆಯ ಕುರಿಗಾರರ ಮನೆತನದವನೇ, ಡಿಗ್ರಿ ಓದಿದವನು, ಮಾತು ಕಡಿಮೆ. ತನ್ನ ಮನೆಯವರು ಕುರಿ ಕಾಯುತ್ತಾರೆ ಅನ್ನುವುದನ್ನು ಅವನು ನನಗೆ ಹೇಳಿದ್ದು ಎರಡು ವಾರ ಕಳೆದ ಮೇಲೆ.

ಕೆರೆಯಂಗಳದ ಮೆತ್ತನೆಯ ಮಣ್ಣಿನಲ್ಲಿ ಹಗ್ಗ ಕಟ್ಟಿ ಅಖಾಡ ಮಾಡಿಕೊಂಡೆ. ಬೆಳಿಗ್ಗೆ ಐದಕ್ಕೆ ನೆನೆಸಿದ ಹುರುಳಿ, ಬೂಸಾ. ಆಮೇಲೆ ಮೈ ಉಜ್ಜುವುದು, ಗೊರಸಿನೊಳಗಿನ ಕಲ್ಲು ಕೀಳುವುದು. ಆರೂವರೆಗೆ ಬೆನ್ನಿಗೆ ಜೀನು. ಮೊದಲ ವಾರ ರಿಕಾಪೇ ಇಲ್ಲದೆ ಕೂರಿಸಿದೆ. ಕಾಲಿಡಲು ಆಸರೆ ಇಲ್ಲದಿದ್ದರೆ ಮೈ ತಾನಾಗಿ ಕುದುರೆಯ ಬೆನ್ನಿನ ಲಯ ಹುಡುಕಿಕೊಳ್ಳುತ್ತದೆ. ಎರಡನೆಯ ವಾರ ಬೀಳುವುದನ್ನು ಕಲಿಸಿದೆ. ಭಾರಿ ಆಳು ಹನ್ನೊಂದು ಸಲ ಬಿದ್ದ. ಸಣಕಲ ಒಂದೇ ಸಲ ಬಿದ್ದು, ಎದ್ದು, ಚಂದ್ರನ ಕೊರಳು ತಬ್ಬಿಕೊಂಡು ಅತ್ತ. ಆ ದಿನದಿಂದ ಅವನಿಗೆ ಹೆದರಿಕೆ ಹೋಯಿತು.

ಸಂಜೆ ಆರಕ್ಕೆ ಮೂವರೂ ಬೈಕು ಹತ್ತಿ ಹಿರಿಯೂರು ದಾರಿ ಹಿಡಿಯುತ್ತಿದ್ದರು. ಬೈಕಿನ ಶಬ್ದ ಕೊನೆಯ ತಿರುವಿನಲ್ಲಿ ಕರಗಿದ ಮೇಲೆ ಮಾರನೆಯ ಬೆಳಗಿನ ತನಕ ನನ್ನ ಜೊತೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅರ್ಧ ಕಿಲೋಮೀಟರ್ ಆಚೆಯ ಒಂದು ಬಂಡೆಯ ತುದಿಯಲ್ಲಿ ಮಾತ್ರ. ಅಲ್ಲಿ ಹತ್ತಿ ನಿಂತು ಅವ್ವನಿಗೆ ಫೋನ್ ಮಾಡುತ್ತಿದ್ದೆ. “ಉಂಡ್ಯಾ?” ಅನ್ನುತ್ತಿದ್ದಳು. ಉಂಡೆ ಅನ್ನುವಷ್ಟರಲ್ಲಿ ಗಾಳಿ ಬೀಸಿ ಲೈನು ಹೋಗುತ್ತಿತ್ತು. ಮತ್ತೆ ಮಾಡಲು ಮನಸ್ಸಾಗುತ್ತಿರಲಿಲ್ಲ. ಹೇಳಲಿಕ್ಕೆ ಬೇರೇನು ಇತ್ತು? ವಾಪಸ್ ಬಂದು ಮೇಘನ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕುಳಿತು, ಆ ದಿನ ಯಾರು ಹೇಗೆ ಸವಾರಿ ಮಾಡಿದರು ಅಂತ ಅವನಿಗೆ ವರದಿ ಒಪ್ಪಿಸುತ್ತಿದ್ದೆ. ಅವನು ಕಿವಿ ತಿರುಗಿಸುತ್ತಿದ್ದ. ಅಷ್ಟು ಸಾಕಾಗುತ್ತಿತ್ತು ಅಂದರೆ ಸುಳ್ಳಾಗುತ್ತದೆ. ಆದರೆ ಇದ್ದದ್ದು ಅಷ್ಟೇ.

ಮೊದಲ ತೊಂದರೆ ಗಾಳಿಯಂತ್ರದ್ದು. ಶಬ್ದಕ್ಕೆ ಕುದುರೆಗಳು ಹೆದರುತ್ತವೆ ಅಂತ ನಾನು ಅಂದುಕೊಂಡಿದ್ದೆ. ಅವು ಹೆದರಿದ್ದು ನೆರಳಿಗೆ. ಬೆಳಗಿನ ಎಳೆಬಿಸಿಲಿನಲ್ಲಿ ಆ ಮೂರು ರೆಕ್ಕೆಗಳ ಉದ್ದನೆಯ ನೆರಳು ಹುಲ್ಲಿನ ಮೇಲೆ ಒಂದಾದ ಮೇಲೊಂದು ಬೀಸಿಕೊಂಡು ಬಂದಾಗ, ಸಿಡಿಲು ಎರಡು ಕಾಲ ಮೇಲೆ ನಿಂತು ಸವಾರನನ್ನು ಕೆಡವಿ ಲಾಯಕ್ಕೆ ಓಡಿಬಂದ. ಮಾರನೆಯ ದಿನದಿಂದ ಬೆಳಗಿನ ಹುರುಳಿಯನ್ನು ಆ ಗುಡ್ಡದ ಬುಡಕ್ಕೇ ಹೊತ್ತೊಯ್ದೆವು. ಮೊದಲ ದಿನ ನೆರಳಿನಿಂದ ಇನ್ನೂರು ಹೆಜ್ಜೆ ದೂರ, ಮರುದಿನ ನೂರು, ಆಮೇಲೆ ನೆರಳಿನ ಅಂಚಿನಲ್ಲಿ. ಏಳನೆಯ ದಿನ ನೆರಳು ಬಕೆಟ್ಟಿನ ಮೇಲೇ ಹಾದುಹೋಗುತ್ತಿದ್ದರೂ ಸಿಡಿಲು ಹುರುಳಿಯಿಂದ ಬಾಯಿ ಎತ್ತಲಿಲ್ಲ.

ಎರಡನೆಯದು ಲಾಳ. ದೊಡ್ಡ ಊರಿನ ಮಣ್ಣುದಾರಿಯಲ್ಲಿ ಆರು ವಾರ ಬರುತ್ತಿದ್ದ ಲಾಳ ಈ ಕಲ್ಲಿನಲ್ಲಿ ಮೂರೇ ವಾರಕ್ಕೆ ಕಾಗದದಷ್ಟು ಸವೆಯಿತು. ಹುಡುಕಿ ಹುಡುಕಿ, ಹೊಸದುರ್ಗದ ಸಂತೆಯಲ್ಲಿ ಎತ್ತಿಗೆ ಲಾಳ ಕಟ್ಟುವ ಒಬ್ಬ ಮುದುಕರು ಸಿಕ್ಕರು. ಎರಡು ಬಸ್ಸು ಬದಲಾಯಿಸಿ, ಚೀಲದಲ್ಲಿ ಸುತ್ತಿಗೆ ಇಕ್ಕಳ ಹಾಕಿಕೊಂಡು ಬಂದರು. ರಾಜಿಯ ಮುಂಗಾಲನ್ನು ತೊಡೆಯ ನಡುವೆ ಇಟ್ಟುಕೊಂಡು ಗೊರಸಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

“ಎಷ್ಟ್ ವರ್ಷ ಆತು ಬೇಟಿ ಇದನ್ನ ಹಿಡಿದು,” ಅಂದರು. “ಚಿತ್ರದುರ್ಗದಾಗೆ ಜಟಕಾ ಇದ್ವಲ್ಲ, ಚಂದ್ರವಳ್ಳಿಗೆ ಜನರನ್ನ ಕರ್ಕಂಡು ಹೋಗವು. ಅವಕ್ಕೆ ನಮ್ಮಪ್ಪ ಕಟ್ತಿದ್ರು, ನಾನು ಮೊಳೆ ಕೊಡ್ತಿದ್ದೆ. ಎತ್ತಿಗಾದ್ರೆ ಕೆಡವಿ ಕಟ್ತೀವಿ. ಕುದ್ರೆಗೆ ನಿಂತಂಗೇ ಕಟ್ಬೇಕು, ಅದು ಒಪ್ಪಿದ್ರೆ ಮಾತ್ರ. ಬರ್ರಿ, ನೀವೂ ಕಲೀರಿ. ನಾನು ಎಷ್ಟ್ ದಿನ ಬರಕ್ಕಾಗ್ತೈತೆ?”

ಮೊಳೆ ಗೊರಸಿನ ಬಿಳಿ ಗೆರೆಯ ಹೊರಗೇ ಹೋಗಬೇಕು. ಒಳಗೆ ಹೋದರೆ ಜೀವ ಇರುವ ಭಾಗ. ಸುತ್ತಿಗೆಯ ಸದ್ದು ಗಟ್ಟಿಯಾಗಿದ್ದರೆ ಸರಿ, ಮೆತ್ತಗಾದರೆ ತಕ್ಷಣ ನಿಲ್ಲಿಸಬೇಕು. ಅವರು ಮೂರು ಸಲ ಬಂದರು. ನಾಲ್ಕನೆಯ ಸಲಕ್ಕೆ ನಾನೇ ಕಟ್ಟಿದೆ.

ಒಂದು ತಿಂಗಳಾದ ಮೇಲೆ ಗಸ್ತು ಶುರು ಮಾಡಿದೆವು. ಬೆಳಿಗ್ಗೆ ಏಳಕ್ಕೆ ಹೊರಟು, ಗಡಿಕಲ್ಲುಗಳ ಗುಂಟ ಹದಿನೆಂಟು ಕಿಲೋಮೀಟರ್ ಸುತ್ತಿ, ಮಧ್ಯಾಹ್ನ ಎಲ್ಲಾದರೂ ನೆರಳಿಗೆ ನಿಂತು, ನಾಲ್ಕಕ್ಕೆ ವಾಪಸ್. ನೋಡಲಿಕ್ಕೆ ಚೆನ್ನಾಗಿತ್ತು. ನಾಲ್ಕು ಕುದುರೆ, ನಾಲ್ಕು ಖಾಕಿ, ಒಂದೇ ಸಾಲು. ನನಗೆ ಹೆಮ್ಮೆಯೂ ಇತ್ತು. ಅದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ನಾವು ಕಂಡ ತಕ್ಷಣ ಕುರಿಗಾರರು ಮಂದೆ ತಿರುಗಿಸಿಕೊಂಡು ಗುಡ್ಡದ ಆಚೆ ಇಳಿದುಬಿಡುತ್ತಿದ್ದರು. ಮಂದೆಯ ನಾಯಿಗಳು ಕುದುರೆಗಳ ಹಿಂಗಾಲಿಗೆ ಬೀಳುತ್ತಿದ್ದವು. ಕುದುರೆಯವರು ಹುಲ್ಲುಗಾವಲನ್ನು ಅಳೆದು ಬೇಲಿ ಹಾಕಲು ಬಂದಿದ್ದಾರೆ ಅಂತ ಕುರಿಗಾರರ ಹಟ್ಟಿಗಳಲ್ಲಿ ಸುದ್ದಿ ಹಬ್ಬಿತ್ತಂತೆ. ಕಳ್ಳತನದ ಬಗ್ಗೆ ಕೇಳಿದರೆ “ನಮಗೇನು ಗೊತ್ತಿಲ್ರಿ” ಅನ್ನುವುದೊಂದೇ ಉತ್ತರ.

ಒಬ್ಬಳು ಅಜ್ಜಿ ಮಾತ್ರ ಓಡಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು, ಕೋಲೂರಿ, ನೂರೈವತ್ತು ಕುರಿಯ ಮಂದೆಯ ಮುಂದೆ ನಿಂತೇ ಇದ್ದಳು. ನಾನು ರಾಜಿಯನ್ನು ಅವಳ ಹತ್ತಿರ ನಿಲ್ಲಿಸಿ, “ಅಜ್ಜಿ, ಅಪರಿಚಿತರು ಯಾರಾದರೂ ಈ ಕಡೆ ಓಡಾಡ್ತಾರಾ?” ಅಂತ ಕೇಳಿದೆ.

“ಓಡಾಡ್ತಾರೆ,” ಅಂದಳು. “ನಾಲ್ಕು ಜನ. ಕುದ್ರೆ ಮ್ಯಾಲೆ.”

ಹಿಂದಿದ್ದ ಭಾರಿ ಆಳು ಕಿಸಕ್ಕನೆ ನಕ್ಕ. ನಾನು ಸಿಟ್ಟಿನಲ್ಲಿ ಲಗಾಮು ತಿರುಗಿಸಿದೆ.

ಮೇಘ ಸತ್ತದ್ದು ಅದಾಗಿ ಎರಡು ವಾರಕ್ಕೆ. ಅದು ನನ್ನ ತಪ್ಪು. ವರದಿಯಲ್ಲೂ ಹಾಗೇ ಬರೆದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಬಿಸಿಲು ಏರಿತ್ತು. ಮಧ್ಯಾಹ್ನ ಕುದುರೆಗಳನ್ನು ಕಟ್ಟಲು ಬೇರೆ ನೆರಳಿಲ್ಲದೆ ಜಾಲಿಯ ಕೆಳಗೆ ಕಟ್ಟುತ್ತಿದ್ದೆವು. ಜಾಲಿ ಆಗ ಕಾಯಿ ಉದುರಿಸುವ ಕಾಲ. ಹಳದಿ ಕಾಯಿ ನೆಲದ ತುಂಬ. ಸಿಹಿ ಇರುತ್ತದೆ. ಕುರಿಗಳು ಅದನ್ನು ತಿಂದೇ ಬೇಸಿಗೆ ಕಳೆಯುವುದನ್ನು ದಿನಾ ನೋಡುತ್ತಿದ್ದೆ. ಕುದುರೆಗಳೂ ಒಂದೆರಡು ಬಾಯಿ ಹಾಕಿದರೆ ಏನಾಗುತ್ತದೆ ಅಂತ ಬಿಟ್ಟೆ. ಮೇಘ ಎಲ್ಲಕ್ಕಿಂತ ಹೆಚ್ಚು ತಿಂದಿದ್ದಾನೆ ಅನ್ನುವುದು ನನಗೆ ಗೊತ್ತಾಗಲಿಲ್ಲ.

ಒಂದು ದಿನ ಬೆಳಿಗ್ಗೆ ಐದಕ್ಕೆ ಹುರುಳಿಯ ಬಕೆಟ್ ಇಟ್ಟರೆ ಅವನು ಮೂಸಲೂ ಇಲ್ಲ. ಮುಂಗಾಲಿನಿಂದ ನೆಲ ಕೆರೆಯುತ್ತಾ, ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದ. ಕೆಳಗೆ ಲದ್ದಿ ಇರಲಿಲ್ಲ. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿದೆ. ನಲವತ್ತರೊಳಗೆ ಇರಬೇಕಾದದ್ದು ಅರವತ್ನಾಲ್ಕು. ಪಕ್ಕೆಗೆ ಕಿವಿ ಇಟ್ಟೆ. ಕುದುರೆಯ ಹೊಟ್ಟೆ ಯಾವಾಗಲೂ ಗುಡುಗುಡು ಅನ್ನುತ್ತಿರಬೇಕು. ಏನೂ ಕೇಳಲಿಲ್ಲ.

ಬಂಡೆಗೆ ಓಡಿದೆ. ದೊಡ್ಡ ಊರಿನ ಲಾಯದ ಡಾಕ್ಟರಿಗೆ ಫೋನ್ ಮಾಡಿದೆ, ಹಿರಿಯೂರಿನ ಪಶುವೈದ್ಯರಿಗೆ ಮಾಡಿದೆ. ಪಶುವೈದ್ಯರು ಬೈಕಿನಲ್ಲಿ ಒಂದೂವರೆ ಗಂಟೆಯಲ್ಲಿ ಬಂದರು. ಬಂದವರೇ, “ಮೇಡಂ, ನಾನು ದನ ಕುರಿ ನೋಡೋನು. ಕುದುರೆ ಮುಟ್ಟಿದ್ದು ಕಾಲೇಜಿನಲ್ಲಿ ಒಂದೇ ಸಲ,” ಅಂದರು. “ಆದ್ರೂ ಮಾಡಾಣ ಬರ್ರಿ.” ಬಂಡೆಯ ಮೇಲೆ ಕುರಿಗಾರರ ಮನೆಯ ಕಾನ್‌ಸ್ಟೇಬಲ್ ನಿಂತು ಊರಿನ ಡಾಕ್ಟರು ಹೇಳಿದ್ದನ್ನು ಬರೆದುಕೊಂಡು ಓಡಿ ಬಂದು ಹೇಳುವುದು, ಇಲ್ಲಿನ ಸ್ಥಿತಿ ಕೇಳಿಕೊಂಡು ಮತ್ತೆ ಓಡುವುದು. ಹಾಗೆ ಆ ದಿನ ಅವನು ಎಷ್ಟು ಸಲ ಓಡಿದನೋ.

ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದೆಯೇ ಹೋಗಬೇಕು. ನಾಲ್ಕು ಲೀಟರ್ ಪ್ಯಾರಫಿನ್ ಹಾಕಿದರು, ನೋವಿಗೆ ಇಂಜೆಕ್ಷನ್, ಕುತ್ತಿಗೆಗೆ ಡ್ರಿಪ್. ಅವನು ಹೊರಳಿದರೆ ಕರುಳು ತಿರುಚಿಕೊಳ್ಳುತ್ತದೆ ಅಂತ ನಾನು ಲಗಾಮು ಹಿಡಿದು ಕೆರೆಯಂಗಳದಲ್ಲಿ ನಡೆಸಿದೆ. ಒಂಬತ್ತರಿಂದ ಎರಡರ ತನಕ ನಡೆದೆವು. ಹನ್ನೊಂದರ ಹೊತ್ತಿಗೆ ಒಂದು ಸಲ ಅವನು ತಲೆ ಎತ್ತಿ, ಕಿವಿ ನಿಮಿರಿಸಿ, ನನ್ನ ಜೇಬು ಮೂಸಿದ. ಬದುಕಿಕೊಂಡ ಅಂದುಕೊಂಡೆ. ಎರಡಕ್ಕೆ ನಾಡಿ ತೊಂಬತ್ತು ದಾಟಿತು. ಒಸಡು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮಂಡಿ ಊರಿದ, ಆಮೇಲೆ ಮಲಗಿದ. ಮತ್ತೆ ಎಬ್ಬಿಸುವ ಪ್ರಯತ್ನ ಮಾಡುವುದು ಬೇಡ ಅಂತ ಪಶುವೈದ್ಯರು ನನ್ನ ತೋಳು ಹಿಡಿದರು.

ಮೂರು ಗಂಟೆಗೆ ಮುಗಿಯಿತು.

ನಿಯಮದ ಪ್ರಕಾರ ಮರಣೋತ್ತರ ಪರೀಕ್ಷೆ ಆಗಬೇಕು, ಗೊರಸಿನ ಮೇಲೆ ಸುಟ್ಟ ನಂಬರಿನ ಫೋಟೋ ತೆಗೆಯಬೇಕು, ಬಾಲದ ಕೂದಲಿನ ಒಂದು ಎಳೆ ಕಡತಕ್ಕೆ ಲಗತ್ತಿಸಬೇಕು. ಎಲ್ಲ ನನ್ನ ಕೈಯಲ್ಲೇ ಮಾಡಿದೆ. ಕರುಳಿನ ಒಂದು ತಿರುವಿನಲ್ಲಿ ಜಾಲಿಕಾಯಿ ನಾರು ಬೀಜ ಎಲ್ಲ ಸೇರಿ ತೆಂಗಿನಕಾಯಿಯಷ್ಟು ಗಟ್ಟಿ ಉಂಡೆಯಾಗಿತ್ತು. ಗಾಳಿಯಂತ್ರದ ರಸ್ತೆ ಕೆಲಸಕ್ಕೆ ಬಂದಿದ್ದ ಜೆಸಿಬಿಯವನು ಕೇಳಿದ ಕೂಡಲೇ ಬಂದು ಗುಂಡಿ ತೋಡಿಕೊಟ್ಟು ಹೋದ.

ಮಣ್ಣು ಮುಚ್ಚುವಾಗ ಅಜ್ಜಿ ಬಂದಳು. ಮಂದೆಯನ್ನು ಏರಿಯ ಆಚೆ ನಿಲ್ಲಿಸಿ ಒಬ್ಬಳೇ ಬಂದಿದ್ದಳು. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದಳು.

“ಜಾಲಿಕಾಯಿನಾ?”

“ಹೂಂ.”

“ಕುರಿ ಮೆಲುಕು ಹಾಕ್ತೈತೆ, ಅದಕ್ಕೆ ದಕ್ಕುತ್ತೆ. ಕುದ್ರೆಗೆ ದಕ್ಕಲ್ಲ. ನಮ್ಮ ಮಾವನ ಕಾಲದಾಗೆ ಸಾಮಾನು ಹೇರಕ್ಕೆ ಒಂದು ತಟ್ಟು ಕುದ್ರೆ ಇತ್ತು. ಹಿಂಗೇ ಹೋತು.” ಗುಂಡಿಯೊಳಗೆ ನೋಡುತ್ತಾ ಅಂದಳು, “ನೀವು ಜಾಲಿ ಬುಡಕ್ಕೆ ಕಟ್ಟಿದ್ದು ನಾನು ನೋಡಿದ್ದೆ. ಹೇಳಬೇಕು ಅನ್ಕಂಡೆ. ನೀನು ಮ್ಯಾಲೆ ಕುಂತಿದ್ದಿ. ಮ್ಯಾಲೆ ಕುಂತೋರಿಗೆ ಏನಂತ ಹೇಳದು ಅನ್ನಿಸ್ತು. ಹಂಗೇ ಮಂದೆ ಹೊಡ್ಕಂಡು ಹೋದೆ.”

ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬಂತು. ಅವಳು ತಲೆ ತಗ್ಗಿಸಿ ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡಿ ಗುಂಡಿಗೆ ಹಾಕಿದಳು. ಆಮೇಲೆ ನೋಡಿದರೆ ಅವಳು ಅಳುತ್ತಿದ್ದಳು. ಇಬ್ಬರೂ ಅಲ್ಲೇ ಕುಳಿತಿದ್ದೆವು. ಆ ಬಯಲಿಗೆ ಬಂದ ಮೇಲೆ ನನ್ನ ಪಕ್ಕದಲ್ಲಿ ಹಟ್ಟಿಯವರೊಬ್ಬರು ಕುಳಿತದ್ದು ಅದೇ ಮೊದಲು.

ಚಿತ್ರದುರ್ಗದಿಂದ ಕರೆ ಬಂತು. ಸಾಹೇಬರು ಬೈಯಲಿಲ್ಲ. “ಮೂರು ಕುದುರೆಯಲ್ಲಿ ಆಗಲ್ಲ. ಸೋಮವಾರ ಲಾರಿ ಕಳಿಸ್ತೀನಿ. ಇದು ನಿಮ್ಮೊಬ್ರ ಸೋಲು ಅಲ್ಲ,” ಅಂದರು. ಬಂಡೆಯ ಮೇಲೆ ನಿಂತಿದ್ದೆ. ಕೆಳಗೆ ಲಾಯದ ನಾಲ್ಕನೆಯ ಗೂಟ ಖಾಲಿ ಕಾಣುತ್ತಿತ್ತು. ಮನೆಗೆ ಹೋಗಬಹುದಿತ್ತು. ನಿಜ ಹೇಳಬೇಕೆಂದರೆ ನನಗೆ ಹೋಗಬೇಕು ಅಂತಲೇ ಇತ್ತು. ಒಂಟಿತನ ಮೂಳೆಗೆ ಇಳಿದಿತ್ತು. ಆದರೂ ಬಾಯಿಂದ ಬೇರೆ ಮಾತು ಬಂತು.

“ಸರ್, ಉಳಿದ ಒಂದೂವರೆ ತಿಂಗಳು ಕೊಡಿ. ಗಸ್ತು ಮಾಡುವ ರೀತಿ ಬದಲಾಯಿಸ್ತೀನಿ.”

“ಹೇಗೆ?”

ಅದನ್ನು ನಾನು ಇನ್ನೂ ಯೋಚಿಸಿರಲಿಲ್ಲ. “ಮಂದೆ ಜೊತೆ ನಡಿತೀವಿ ಸರ್,” ಅಂದೆ. ಸಾಹೇಬರು “ಆಯ್ತು” ಅಂದರು.

ಗಡಿಕಲ್ಲಿನ ಸುತ್ತು ನಿಲ್ಲಿಸಿದೆ. ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆ, ರೊಪ್ಪದಿಂದ ಕುರಿ ಬಿಡುವ ಸಮಯಕ್ಕೆ ಸರಿಯಾಗಿ, ದಿನಕ್ಕೊಬ್ಬರು ಲಾಯದಲ್ಲಿ ಉಳಿದು ಮಿಕ್ಕ ಮೂವರು ಒಂದೊಂದು ಹಟ್ಟಿಗೆ ಹೋಗುವುದು. ಮಂದೆ ಕಂಡ ತಕ್ಷಣ ಕೆಳಗಿಳಿದು, ಲಗಾಮು ಹಿಡಿದು ಕುರಿಗಾರರ ಜೊತೆ ನಡೆಯುವುದು. ಪ್ರಶ್ನೆ ಕೇಳಕೂಡದು. ಕೇಳಿದರೆ ಕುರಿಯ ಬಗ್ಗೆ ಕೇಳಬೇಕು. ಪ್ರತಿ ಮನೆತನದವರೂ ಕುರಿಯ ಕಿವಿಯಲ್ಲಿ ತಮ್ಮದೇ ಗುರುತು ಕತ್ತರಿಸಿರುತ್ತಾರೆ: ಬಲಗಿವಿಯ ತುದಿಗೆ ಒಂದು ಕಚ್ಚು, ಎಡಗಿವಿಯ ಹಿಂಬದಿಗೆ ಎರಡು, ಹೀಗೆ. ಒಂದು ನೋಟ್‌ಬುಕ್ಕಿನಲ್ಲಿ ಆ ಕಿವಿಗಳ ಚಿತ್ರ ಬರೆದು, ಎದುರಿಗೆ ಮನೆತನದ ಹೆಸರು ಬರೆದುಕೊಳ್ಳುತ್ತಾ ಹೋದೆವು. ಸಣಕಲನಿಗೆ ಚಿತ್ರ ಚೆನ್ನಾಗಿ ಬರುತ್ತಿತ್ತು. ಹೆಂಗಸರು ಅವನ ಸುತ್ತ ಸೇರಿ, “ಲೇ ತಮ್ಮ, ನಮ್ಮದು ಇನ್ನೊಂಚೂರು ಓರೆ ಐತೆ ನೋಡು,” ಅಂತ ತಿದ್ದಿಸುತ್ತಿದ್ದರು.

ನಾನು ಹೆಚ್ಚಾಗಿ ಅಜ್ಜಿಯ ಮಂದೆಯ ಜೊತೆ ನಡೆದೆ. ಅವಳು ಮಾತಾಡಿಸಿದರೆ ಮಾತು, ಇಲ್ಲದಿದ್ದರೆ ಇಲ್ಲ. ಗಂಟೆಗಟ್ಟಲೆ ಕುರಿಗಳು ಹುಲ್ಲು ಕಿತ್ತುಕೊಳ್ಳುವ ಸದ್ದು ಮಾತ್ರ. “ನಿನಗೆ ಬ್ಯಾಸ್ರ ಆಗಲ್ವ ಒಬ್ಳೇ?” ಅಂತ ಒಂದು ದಿನ ಕೇಳಿದಳು. “ಆಗ್ತೈತೆ,” ಅಂದೆ. “ನನಗೂ ಆಗ್ತೈತೆ,” ಅಂದಳು.

ಪರೀಕ್ಷೆಯ ಅವಧಿ ಮುಗಿಯಲು ಹತ್ತು ದಿನ ಇರುವಾಗ ಅದು ನಡೆಯಿತು. ಮಧ್ಯಾಹ್ನ ಒಂದು ಗಂಟೆ. ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಹುದುಗಿಸಿ ನಿಲ್ಲುವ ಹೊತ್ತು, ಕಾಯುವವರು ಕಣ್ಣು ಮುಚ್ಚುವ ಹೊತ್ತು. ನಾನೂ ಕುರಿಗಾರರ ಮನೆಯ ಕಾನ್‌ಸ್ಟೇಬಲ್ಲೂ ಅಜ್ಜಿಯ ಮಂದೆಯ ಕಡೆ ಬರುತ್ತಿದ್ದೆವು. ಅವಳು ಕೋಲು ಬೀಸುತ್ತಾ ಎದುರಿಗೆ ಓಡಿಬಂದಳು.

“ಮುರುಕೊಂಬಿನದು ಇಲ್ಲ. ಬಿಳಿಗಿವಿದು ಇಲ್ಲ. ಅದರ ಹಿಂದೆ ಹೋಗವು ಒಂದೂ ಇಲ್ಲ. ಮೂರು ಪಾಲಿನಾಗೆ ಒಂದು ಪಾಲೇ ಇಲ್ಲ ಕಣವ್ವಾ!”

ಕಾನ್‌ಸ್ಟೇಬಲ್ ಕೆಳಗಿಳಿದು ನೆಲ ನೋಡಿದ. ಹಿಕ್ಕೆ ಇನ್ನೂ ಹಸಿ. ಗೊರಸಿನ ಗುರುತುಗಳ ಎರಡೂ ಬದಿಗೆ ಚಪ್ಪಲಿಯ ಗುರುತು. “ಕೊರಕಲಿಗೆ ಇಳಿಸ್ಯಾರೆ ಮೇಡಂ. ಕಾಲು ಗಂಟೆನೂ ಆಗಿಲ್ಲ.” ಅವನನ್ನು ಸಿಡಿಲಿನ ಮೇಲೆ ಕೊರಕಲ ಒಳಗೇ ಹಿಂಬಾಲಿಸಲು ಹೇಳಿದೆ. ಪಕ್ಕದ ಮಂದೆಯಲ್ಲಿದ್ದ ಭಾರಿ ಆಳಿಗೆ ಶಿಳ್ಳೆ ಹಾಕಿ, ಚಂದ್ರನ ಮೇಲೆ ಬಂಡೆಗೆ ಹೋಗಿ ಗಡಿಯಾಚೆಯ ಠಾಣೆಗೆ ಫೋನ್ ಮಾಡಲು ಕಳಿಸಿದೆ. ನಾನು ರಾಜಿಯನ್ನು ದಿಣ್ಣೆಯ ಮೇಲಕ್ಕೆ ಹತ್ತಿಸಿದೆ. ಜೀನಿನ ಮೇಲಿಂದ ಎರಡು ಕಿಲೋಮೀಟರ್ ಕಾಣುತ್ತಿತ್ತು. ಕೊರಕಲಿನ ಕೊನೆಯಲ್ಲಿ ಧೂಳು, ಅದರಾಚೆ ಗಡಿಕಲ್ಲಿನ ಹತ್ತಿರ ನೀಲಿ ಟಾರ್ಪಾಲಿನ ಗಾಡಿ.

ಓಡಿಸಿದೆ. ಆ ಕಲ್ಲಿನ ನೆಲದಲ್ಲಿ ಕುದುರೆಯನ್ನು ನಾಗಾಲೋಟಕ್ಕೆ ಬಿಡಬಾರದು ಅಂತ ನಾನೇ ಕಲಿಸಿದ್ದೆ. ಬಿಟ್ಟೆ. ನಾನೇ ಕಟ್ಟಿದ ಲಾಳ, ಒಂದು ಮೊಳೆ ತಪ್ಪಿದ್ದರೂ ಇಬ್ಬರೂ ಉಳಿಯುತ್ತಿರಲಿಲ್ಲ ಅನ್ನುವ ಯೋಚನೆ ಆಗ ಬರಲಿಲ್ಲ.

ಕೊರಕಲು ಬಾಯ್ತೆರೆಯುವ ಜಾಗಕ್ಕೆ ನಾನು ಮುಟ್ಟಿದಾಗ ಗಾಡಿಗೆ ಒಂದಷ್ಟು ಕುರಿ ಏರಿಸಿಯಾಗಿತ್ತು. ಇಬ್ಬರು ಉಳಿದವನ್ನು ಅಟ್ಟುತ್ತಿದ್ದರು, ಒಬ್ಬ ಗಾಡಿಯ ಹಿಂದೆ ಇದ್ದ. ರಾಜಿಯನ್ನು ಕೊರಕಲಿಗೆ ಅಡ್ಡ ನಿಲ್ಲಿಸಿದೆ. ಒಬ್ಬನ ಕೈಯಲ್ಲಿ ಕುಡುಗೋಲಿತ್ತು. ಇನ್ನೊಬ್ಬ ಕಲ್ಲು ಬೀಸಿದ. ಅದು ರಾಜಿಯ ಭುಜಕ್ಕೆ ಬಿತ್ತು. ಅವಳು ಮುಂಗಾಲೆತ್ತಿದಳು. ನಾನು ಕೊರಳಿಗೆ ಒರಗಿ ಕುಳಿತೆ. ಅವಳ ಮುಂಗಾಲು ನೆಲ ಮುಟ್ಟಿದ ಮೇಲೆ, ಜನಜಂಗುಳಿಯನ್ನು ಹಿಂದೆ ಸರಿಸಲು ಕಲಿಸುವ ಅಡ್ಡ ಹೆಜ್ಜೆ ಇಡಿಸಿದೆ. ಮೊಣಕಾಲು ಒತ್ತಿದರೆ ಕುದುರೆ ಓಡದೆ, ಒದೆಯದೆ, ಪಕ್ಕಕ್ಕೆ ಒಂದೊಂದೇ ಹೆಜ್ಜೆ ಇಡುತ್ತಾ ಬರುತ್ತದೆ. ನಾನೂರು ಕಿಲೋ ತೂಕ ಮೈ ಮೇಲೆ ಹಾಗೆ ಬಂದರೆ ಯಾರೂ ನಿಲ್ಲುವುದಿಲ್ಲ. ಆ ಇಬ್ಬರೂ ನಿಲ್ಲಲಿಲ್ಲ. ಗಾಡಿ ಹತ್ತಿ, ಬಾಗಿಲು ಮುಚ್ಚದೆಯೇ ಹೊರಟುಬಿಟ್ಟರು.

ಬೆನ್ನಟ್ಟಬಹುದಿತ್ತು. ಗಾಡಿಯ ಹಿಂದೆ ಕುದುರೆ ಎಷ್ಟು ದೂರ ಓಡೀತು? ನಂಬರು ಓದಿಕೊಂಡು ಅಲ್ಲೇ ನಿಂತೆ. ಕುರಿಗಳು ಬೆದರಿ ನಾಲ್ಕೂ ದಿಕ್ಕಿಗೆ ಚೆದುರುತ್ತಿದ್ದವು. ಆಗ ಕೊರಕಲಿನೊಳಗಿಂದ ಒಂದು ಕೂಗು ಬಂತು. ಗಂಟಲಿನ ಆಳದಿಂದ ಎದ್ದು, ನಾಲಿಗೆ ಹೊರಳಿಸಿ, ಉದ್ದಕ್ಕೆ ಎಳೆದ ಕೂಗು. ಕುರಿಗಳು ನಿಂತವು. ಎರಡನೆಯ ಕೂಗಿಗೆ ತಿರುಗಿದವು. ಕಾನ್‌ಸ್ಟೇಬಲ್ ಸಿಡಿಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ ಕೂಗುತ್ತಿದ್ದ. ಕುರಿಗಳು ಅವನ ಸುತ್ತ ಬಂದು ಸೇರಿದ ಮೇಲೆ ನನ್ನ ಕಡೆ ನೋಡಿ ನಾಚಿಕೊಂಡ.

“ಡ್ರೆಸ್ ಹಾಕ್ಕಂಡು ಹಿಂಗೆ ಕೂಗಬಾರದು ಮೇಡಂ. ಚಿಕ್ಕೋನಿದ್ದಾಗ ಕಲ್ತಿದ್ದು.”

“ಇನ್ನೊಂದ್ ಸಲ ಕೂಗು,” ಅಂದೆ. “ಅಲ್ಲಿ ಮೂರು ಹಿಂದೆ ಉಳಿದವೆ.”

ಗಾಡಿಯನ್ನು ಗಡಿಯಾಚೆಯ ಪೊಲೀಸರು ಸಂಜೆಯೊಳಗೆ ಹಿಡಿದರು. ಅದರಲ್ಲಿ ಹದಿನೈದು ಕುರಿ ಇದ್ದವು. ಅಜ್ಜಿಯವು ಹನ್ನೊಂದು, ಉಳಿದವು ಬೇರೆ ಹಟ್ಟಿಯವು. ಕಿವಿಯ ಚಿತ್ರಗಳ ನೋಟ್‌ಬುಕ್ ಮುಂದಿಟ್ಟಾಗ ಅಲ್ಲಿನ ಅಧಿಕಾರಿ ಒಂದೊಂದೇ ಕಿವಿ ಹಿಡಿದು ಹೋಲಿಸಿ ನೋಡಿದರು. ಮೂವರಲ್ಲಿ ಒಬ್ಬ ತಪ್ಪಿಸಿಕೊಂಡ, ಇವತ್ತಿಗೂ ಸಿಕ್ಕಿಲ್ಲ. ಮುರುಕೊಂಬಿನ ಕುರಿ ಗಾಡಿಯಲ್ಲೇ ತುಳಿತಕ್ಕೆ ಸಿಕ್ಕಿ ಸತ್ತಿತ್ತು. ಅಜ್ಜಿಗೆ ಅದನ್ನು ನಾನೇ ಹೋಗಿ ಹೇಳಿದೆ. “ಹಳೇದು ಅದು,” ಅಂದಳು. ಕೋಲೂರಿ ಏಳುತ್ತಾ, “ನಿನ್ನ ಬೂದಿ ಕುದ್ರೆ ಥರ,” ಅಂದಳು.

ಪಡೆ ಮಂಜೂರಾಯಿತು. ಹತ್ತು ಕುದುರೆ, ಹದಿನಾಲ್ಕು ಜನ, ಹೊಸ ಲಾಯ. ಮೂವರು ಕಾನ್‌ಸ್ಟೇಬಲ್‌ಗಳೂ ಅಲ್ಲೇ ಖಾಯಂ. ಅಷ್ಟು ದೊಡ್ಡ ಪಡೆಗೆ ಮೇಲಿನ ದರ್ಜೆಯ ಅಧಿಕಾರಿಯೇ ಬೇಕೆಂಬುದು ನಿಯಮ. ನನಗೆ ದೊಡ್ಡ ಊರಿನ ಲಾಯಕ್ಕೆ ವಾಪಸ್ ಆದೇಶ ಬಂತು. ಸಾಹೇಬರು ತಾವೇ ಫೋನ್ ಮಾಡಿ ಪ್ರಶಂಸಾಪತ್ರದ ವಿಷಯ ಹೇಳಿದರು. ನಾನು ಥ್ಯಾಂಕ್ಸ್ ಸರ್ ಅಂದೆ.

ಹೊರಡುವ ಹಿಂದಿನ ದಿನ ಹೇಳಿ ಹೋಗೋಣ ಅಂತ ಅಜ್ಜಿಯ ಹಟ್ಟಿಗೆ ಹೋದೆ. ಎರಡು ದಿನದ ಹಿಂದೆ ಹದ ಮಳೆ ಬಿದ್ದಿತ್ತು. ಹೊಲಗಳಲ್ಲಿ ಬಿತ್ತನೆ ಶುರುವಾಗಿತ್ತು. ರೊಪ್ಪದ ಮುಳ್ಳಿನ ಬಾಗಿಲು ತೆರೆದೇ ಇತ್ತು, ಒಳಗೆ ಒಂದೂ ಕುರಿ ಇರಲಿಲ್ಲ. ಒಲೆಯ ಮೂರು ಕಲ್ಲಿನ ನಡುವೆ ಬೂದಿ ಮಳೆಗೆ ನೆನೆದು ಹೆಪ್ಪಾಗಿತ್ತು.

“ಹೊಸದುರ್ಗದ ಗುಡ್ಡದ ಕಡೆಗೆ ಹೋಗಿರ್ತಾರೆ ಮೇಡಂ,” ಅಂದ ಕುರಿಗಾರರ ಮನೆಯ ಕಾನ್‌ಸ್ಟೇಬಲ್. “ಮಳೆ ಬಿದ್ದು ಹೊಲ ಬಿತ್ತಿದ್ರೆ ಹೊರಟುಬಿಡ್ತಾರೆ. ಯಾರಿಗೂ ಹೇಳಿ ಹೋಗಲ್ಲ. ನಮ್ಮನೇಲೂ ಹಂಗೇ.”

“ಯಾವಾಗ ಬರ್ತಾರೆ?”

“ಹುಲ್ಲು ಒಣಗಿದ ಮೇಲೆ.”

ಅವನನ್ನು ಲಾಯಕ್ಕೆ ಕಳಿಸಿ ನಾನೊಬ್ಬಳೇ ರಾಜಿಯ ಮೇಲೆ ಮೊದಲಿನ ಆ ದೊಡ್ಡ ಸುತ್ತು ಹೋದೆ. ಗಡಿಕಲ್ಲುಗಳ ಗುಂಟ ಹದಿನೆಂಟು ಕಿಲೋಮೀಟರ್. ಹೊಸ ಹುಲ್ಲು ಇನ್ನೂ ಬೆರಳುದ್ದ. ದಾರಿಯಲ್ಲಿ ಒಬ್ಬರೂ ಎದುರಾಗಲಿಲ್ಲ, ಒಂದು ಮಂದೆಯೂ ಕಾಣಲಿಲ್ಲ. ನಾಲ್ಕು ಗಂಟೆಗೆ ವಾಪಸ್ ಬಂದು ಜೀನು ಬಿಚ್ಚಿ, ರಾಜಿಯ ಬೆನ್ನು ಒರೆಸಿ, ನೀರು ಕುಡಿಸಿದೆ. ಆಮೇಲೆ ಕೋಣೆಗೆ ಹೋಗಿ ಗಸ್ತಿನ ದಿನಚರಿ ತೆಗೆದು, ಹೊರಟ ಹೊತ್ತು, ಬಂದ ಹೊತ್ತು, ಕುದುರೆಯ ಹೆಸರು ಬರೆದೆ. ಕೊನೆಯ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಬರೆಯಬೇಕಾದದ್ದು ಎಷ್ಟೋ ಇತ್ತು.

‘ವಿಶೇಷ ಏನೂ ಇಲ್ಲ’ ಅಂತ ಬರೆದು ಸಹಿ ಹಾಕಿದೆ.